ಮನೆಯ ಹಳೇ ಫೋನು ಯಾರ ಕೈಯಲ್ಲಿದೆ?

ನಿಮ್ಮ ಮನೆಯಲ್ಲಿ ಒಟ್ಟು ಎಷ್ಟು ಮೊಬೈಲುಗಳಿವೆ? ಒಮ್ಮೆ ಬೆರಳು ಮಡಚಿ ಲೆಕ್ಕ ಹಾಕಿ. ಯಜಮಾನರದು ಒಂದು, ನಿಮ್ಮದೊಂದು, ಕಾಲೇಜಿಗೆ ಹೋಗೋ ಮಗನದೊಂದು, ಟ್ಯೂಷನ್ನಿಗೆ ಓಡಾಡುವ ಮಗಳದೊಂದು, ಅತ್ತೆಯವರ ದಿಂಬಿನ ಪಕ್ಕ ಒಂದು. ಕೆಲವರ ಮನೆಯಲ್ಲಿ ಪುಟಾಣಿಯ ಕೈಗೆ ಕಟ್ಟುವ ಸಿಮ್ ಗಡಿಯಾರವೂ ಸೇರಿಕೊಂಡಿರುತ್ತೆ.

ಈಗ ಇನ್ನೊಂದು ಪ್ರಶ್ನೆ. ಇವುಗಳಲ್ಲಿ ಎಲ್ಲಕ್ಕಿಂತ ಹಳೇದು, ಎಲ್ಲಕ್ಕಿಂತ ಅಗ್ಗದ್ದು ಯಾರ ಕೈಯಲ್ಲಿದೆ?

ಹೆಚ್ಚಿನ ಮನೆಗಳಲ್ಲಿ ಉತ್ತರ ಒಂದೇ. ಅತ್ತೆ ಅಥವಾ ಅಮ್ಮನ ಕೈಯಲ್ಲಿ! ಹೊಸ ಫೋನು ಬಂದಾಗ ಹಳೇದು ಕೆಳಗಿಳಿಯುತ್ತೆ. ಯಜಮಾನರಿಂದ ಮಗನಿಗೆ, ಮಗನಿಂದ ನಿಮಗೆ, ನಿಮ್ಮಿಂದ ಅತ್ತೆಗೆ, ಅಲ್ಲಿಂದ ಮನೆಕೆಲಸಕ್ಕೆ ಬರುವ ಹೆಣ್ಣುಮಗಳಿಗೆ. ‘ಅವರಿಗೇನು, ಹಲೋ ಅನ್ನೋಕೆ ಆದ್ರೆ ಸಾಕಲ್ಲ’ ಅಂತ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ.

ಆದರೆ ಸ್ವಲ್ಪ ಯೋಚಿಸಿ ನೋಡಿ. ಹಗಲು ಹೊತ್ತು ಮನೆಯಲ್ಲಿ ಒಬ್ಬರೇ ಇರುವವರು ಯಾರು? ಬಚ್ಚಲಲ್ಲಿ ಕಾಲು ಜಾರಿದರೆ, ಎದೆ ಹಿಡಿದುಕೊಂಡರೆ, ಅಪರಿಚಿತ ಬಂದು ಬಾಗಿಲು ಬಡಿದರೆ ಮೊದಲು ಸಹಾಯ ಬೇಕಾಗುವುದು ಯಾರಿಗೆ? ಕತ್ತಲಾದ ಮೇಲೆ ಒಬ್ಬಳೇ ಬಸ್ಸು ಹಿಡಿದು ಮನೆ ಸೇರುವವಳು ಯಾರು? ಅತಿ ಹೆಚ್ಚು ಅಪಾಯ ಯಾರಿಗೋ ಅವರ ಕೈಗೇ ಅತಿ ಬಡವಾದ ಫೋನು ಕೊಟ್ಟಿದ್ದೇವೆ. ಆ ಫೋನಿನಿಂದ ತುರ್ತು ಕರೆ ಹೋಗುತ್ತದೆಯೇ ಅನ್ನುವುದನ್ನು ಮಾತ್ರ ನಾವು ಯಾರೂ ನೋಡಿಲ್ಲ.

ಇದೇನು ಸುಮ್ಮನೆ ಹೆದರಿಸೋ ಮಾತು ಅಂತೀರಾ? ದೂರದ ಆಸ್ಟ್ರೇಲಿಯಾದಲ್ಲಿ ಏನಾಯಿತು ಅಂತ ಕೇಳಿ.

ಆಸ್ಟ್ರೇಲಿಯಾ ಕಲಿಸಿದ ಪಾಠ

ನಮ್ಮಲ್ಲಿ 112 ಇದ್ದಂತೆ ಅಲ್ಲಿ 000. ‘ಟ್ರಿಪಲ್ ಝೀರೊ’ ಅಂತಾರೆ. 2025ರ ಸೆಪ್ಟೆಂಬರ್ 18ರಂದು ಅಲ್ಲಿನ ದೊಡ್ಡ ಮೊಬೈಲ್ ಕಂಪನಿ ಆಪ್ಟಸ್ ತನ್ನ ಜಾಲದಲ್ಲಿ ಏನೋ ಬದಲಾವಣೆ ಮಾಡಲು ಹೊರಟಿತು. ಅದು ಎಡವಟ್ಟಾಗಿ ಗಂಟೆಗಟ್ಟಲೆ ನೂರಾರು ತುರ್ತು ಕರೆಗಳು ಎಲ್ಲಿಗೂ ತಲುಪಲಿಲ್ಲ. ಕೆಲವರ ಸಾವಿನ ಜೊತೆಗೂ ಈ ಘಟನೆಯ ಹೆಸರು ತಳುಕು ಹಾಕಿಕೊಂಡಿತು.

ವಿಚಿತ್ರ ಏನು ಗೊತ್ತೇ? ಅಂದು ಮಾಮೂಲಿ ಕರೆಗಳು ಹೋಗುತ್ತಲೇ ಇದ್ದವು! ಗಂಡ ಹೆಂಡತಿಗೆ, ಅಕ್ಕ ತಂಗಿಗೆ ಆರಾಮಾಗಿ ಮಾತಾಡುತ್ತಿದ್ದರು. ತುರ್ತು ಕರೆ ಮಾತ್ರ ಬಿದ್ದುಹೋಗುತ್ತಿತ್ತು. ಹಾಗಾಗಿ ತೊಂದರೆ ಆಗಿದೆ ಅನ್ನೋದೇ ಕಂಪನಿಗೆ ಬಹಳ ಹೊತ್ತು ತಿಳಿಯಲಿಲ್ಲ. ಇದೇ ಕಂಪನಿಯ ಜಾಲ 2023ರ ನವೆಂಬರಿನಲ್ಲೂ ಒಮ್ಮೆ ಇಡೀ ದೇಶದಲ್ಲಿ ಕೈಕೊಟ್ಟಿತ್ತು. ಆಗ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ತುರ್ತು ಸೇವೆ ಸಿಗದೆ, ಕಂಪನಿ 1.2 ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಮೀರಿ ದಂಡ ತೆತ್ತಿತ್ತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಕೆಲವು ಹಳೇ ಸ್ಯಾಮ್‌ಸಂಗ್ ಮಾದರಿಗಳು ಒಂದು ವಿಶೇಷ ಸಂದರ್ಭದಲ್ಲಿ ತುರ್ತು ಕರೆ ಮಾಡಲಾರವು ಅನ್ನೋದು 2025ರ ಅಕ್ಟೋಬರಿನಲ್ಲಿ ಬಯಲಾಯಿತು. ಬೇರೆ ಜಾಲಗಳೆಲ್ಲ ಇಲ್ಲದೆ ವೊಡಾಫೋನ್ ಒಂದೇ ಉಳಿದ ಜಾಗದಲ್ಲಿ, ಆ ಫೋನುಗಳು ಅದಾಗಲೇ ಮುಚ್ಚಿಹೋಗಿದ್ದ 3ಜಿ ಜಾಲವನ್ನೇ ಹುಡುಕುತ್ತಿದ್ದವು. ಕೆಲವಕ್ಕೆ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ಸಾಕಿತ್ತು, ಕೆಲವನ್ನು ಬದಲಾಯಿಸಲೇಬೇಕಿತ್ತು. ನವೆಂಬರಿನಲ್ಲಿ ಸಿಡ್ನಿಯಲ್ಲಿ ಅಪ್‌ಡೇಟ್ ಆಗದ ಇಂಥದೇ ಫೋನಿನಿಂದ ತುರ್ತು ಕರೆ ಹೋಗದೆ, ಒಬ್ಬರು ತೀರಿಕೊಂಡ ಸುದ್ದಿಯನ್ನು ಅವರ ಮೊಬೈಲ್ ಕಂಪನಿಯೇ ಪ್ರಕಟಿಸಿತು.

ಯೋಚಿಸಿ. ಫೋನು ಕೆಟ್ಟಿರಲಿಲ್ಲ. ಚಾರ್ಜ್ ಇತ್ತು. ದಿನಾ ಮಾತಾಡುತ್ತಿದ್ದ ಫೋನೇ ಅದು. ಬೇಕಾದ ಆ ಒಂದು ಗಳಿಗೆಯಲ್ಲಿ ಮಾತ್ರ ಮೂಗಾಯಿತು.

ಪಕ್ಕದ ಮನೆಯ ಬಾಗಿಲು

ಇದು ಯಾಕೆ ಹೀಗಾಗುತ್ತೆ ಅಂತ ತಿಳಿದುಕೊಳ್ಳೋಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ನಮ್ಮ ಅಡುಗೆಮನೆ ಜ್ಞಾನವೇ ಸಾಕು.

ರಾತ್ರಿ ಹೊತ್ತು ಮನೆಯಲ್ಲಿ ಏನೋ ಅನಾಹುತ ಆದರೆ ನಾವೇನು ಮಾಡುತ್ತೇವೆ? ಪಕ್ಕದ ಮನೆ ಬಾಗಿಲು ತಟ್ಟುತ್ತೇವೆ. ‘ಅವರ ಮನೆಗೆ ಬಾಡಿಗೆ ಕೊಡೋದು ನಾವಲ್ಲವಲ್ಲ’ ಅಂತ ಲೆಕ್ಕ ಹಾಕುತ್ತೀವಾ? ಮೊಬೈಲೂ ಹಾಗೇ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದ ಕಡೆ ಫೋನಿನ ಮೇಲೆ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಅಂತ ಬರುತ್ತಲ್ಲ, ಅದರ ಅರ್ಥ ಇದೇ. ‘ನಮ್ಮನೆಯವರು ಇಲ್ಲಿಲ್ಲ, ಆದರೆ ಪಕ್ಕದ ಮನೆಯವರಿದ್ದಾರೆ. ತುರ್ತಾದರೆ ಅವರನ್ನು ಕೂಗಬಹುದು’ ಅಂತ. ಆಗ 112 ಒತ್ತಿದರೆ ಆ ಕರೆ ಬೇರೆ ಕಂಪನಿಯ ಟವರಿನ ಮೂಲಕ ಹೋಗಬಲ್ಲದು.

ಆದರೆ ಇದಕ್ಕೆ ಎರಡು ಷರತ್ತುಗಳಿವೆ.

ಒಂದು, ‘ನಮ್ಮನೆಯವರು ಇಲ್ಲ’ ಅನ್ನೋದು ಫೋನಿಗೆ ಗೊತ್ತಾಗಬೇಕು. ಆಪ್ಟಸ್ ಪ್ರಕರಣದಲ್ಲಿ ಆದದ್ದು ಇದೇ. ಟವರುಗಳು ಉರಿಯುತ್ತಲೇ ಇದ್ದವು, ಸಿಗ್ನಲ್ ಕಡ್ಡಿಗಳು ನೆಟ್ಟಗೆ ನಿಂತಿದ್ದವು. ಮನೆಯಲ್ಲಿ ದೀಪ ಉರಿಯುತ್ತಿದೆ, ಆದರೆ ಕರೆದರೆ ಓ ಅನ್ನುವವರಿಲ್ಲ. ಫೋನು ಪಾಪ, ‘ಒಳಗೆ ಇದ್ದಾರಲ್ಲ’ ಅಂದುಕೊಂಡು ತನ್ನ ಮನೆ ಬಾಗಿಲನ್ನೇ ಬಡಿಯುತ್ತಾ ಕೂತಿತು. ಪಕ್ಕದ ಮನೆಗೆ ಹೋಗಲೇ ಇಲ್ಲ.

ಎರಡು, ಪಕ್ಕದ ಮನೆಯವರ ಭಾಷೆ ನಿಮ್ಮ ಫೋನಿಗೆ ಬರಬೇಕು. ಇದು ನಮಗೆ ಹತ್ತಿರದ ವಿಷಯ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೂರು ಪಿನ್ನಿನ ಪ್ಲಗ್ಗು, ಎರಡು ತೂತಿನ ಸಾಕೆಟ್ಟು

2ಜಿ, 3ಜಿ, 4ಜಿ, 5ಜಿ ಅಂತ ಜಾಹೀರಾತಿನಲ್ಲಿ ದಿನಾ ಓದುತ್ತೇವೆ. ಇವನ್ನು ಬರೀ ವೇಗದ ಲೆಕ್ಕ ಅಂದುಕೊಂಡಿದ್ದೇವೆ. ಅಷ್ಟೇ ಅಲ್ಲ, ಇವು ಬೇರೆ ಬೇರೆ ಬಗೆಯ ಸಾಕೆಟ್ಟುಗಳು. ಮಿಕ್ಸಿಯ ಮೂರು ಪಿನ್ನಿನ ಪ್ಲಗ್ಗನ್ನು ಎರಡು ತೂತಿನ ಸಾಕೆಟ್ಟಿಗೆ ಎಷ್ಟು ಒತ್ತಿದರೂ ಹೋಗುತ್ತಾ? ಹಾಗೆಯೇ 2ಜಿ ಮಾತ್ರ ಗೊತ್ತಿರುವ ಹಳೇ ಕೀಪ್ಯಾಡ್ ಫೋನು 4ಜಿ ಟವರಿನ ಕೆಳಗೇ ನಿಂತಿದ್ದರೂ ಅದಕ್ಕೆ ಸಿಗ್ನಲ್ಲೇ ಕಾಣದು.

ಇನ್ನೂ ಒಂದು ಸೂಕ್ಷ್ಮ ಇದೆ. ಪೆಟ್ಟಿಗೆ ಮೇಲೆ 4ಜಿ ಅಂತ ಬರೆದಿದ್ದ ಮಾತ್ರಕ್ಕೆ ಆ ಫೋನು 4ಜಿಯಲ್ಲಿ ‘ಮಾತಾಡುತ್ತದೆ’ ಅಂತ ಅಲ್ಲ. ಆರಂಭದ ದಿನಗಳ ಎಷ್ಟೋ 4ಜಿ ಫೋನುಗಳು ಇಂಟರ್‌ನೆಟ್ ಮಾತ್ರ 4ಜಿಯಲ್ಲಿ ನೋಡುತ್ತವೆ. ಕರೆ ಬಂದ ತಕ್ಷಣ ಮೆಟ್ಟಿಲಿಳಿದು 3ಜಿಗೋ 2ಜಿಗೋ ಬಂದು ಮಾತಾಡುತ್ತವೆ. 4ಜಿಯಲ್ಲೇ ಮಾತಾಡುವ ವಿದ್ಯೆಗೆ ‘ವೋಲ್ಟಿ’ ಅಂತ ಹೆಸರು. ಆ ವಿದ್ಯೆ ಇಲ್ಲದ ಫೋನಿಗೆ, ಕೆಳಗಿನ ಮೆಟ್ಟಿಲು ಕಿತ್ತುಹಾಕಿದ ದಿನ ಮಾತೇ ನಿಂತುಹೋಗುತ್ತದೆ.

ಆಸ್ಟ್ರೇಲಿಯಾದಲ್ಲಿ ಆ ಮೆಟ್ಟಿಲು ಕಿತ್ತೇ ಹಾಕಿದರು. 2024ರ ಅಕ್ಟೋಬರ್ 28ರಿಂದ ಟೆಲ್‌ಸ್ಟ್ರಾ ಮತ್ತು ಆಪ್ಟಸ್ 3ಜಿ ನಿಲ್ಲಿಸಿದವು. ಜೊತೆಗೆ ಸರ್ಕಾರ ಒಂದು ಕಟ್ಟುನಿಟ್ಟಿನ ನಿಯಮ ಮಾಡಿತು. ಟ್ರಿಪಲ್ ಝೀರೊಗೆ ಕರೆ ಮಾಡಲಾಗದ ಫೋನಿಗೆ ಯಾವ ಕಂಪನಿಯೂ ಸೇವೆ ಕೊಡುವಂತಿಲ್ಲ ಅಂತ. ಮಾಮೂಲಿ ಕರೆ ಹೋದರೂ ಸರಿಯೇ, ತುರ್ತು ಕರೆ ಹೋಗದಿದ್ದರೆ ಫೋನು ಬಂದ್! ಬೇರೆ ದೇಶದಲ್ಲಿ ಕೊಂಡ ಕೆಲವು ಫೋನುಗಳೂ ಇದಕ್ಕೆ ಸಿಕ್ಕಿಕೊಂಡವು. ಮಗಳ ಬಾಣಂತನಕ್ಕೆ ಅಂತ ಮೆಲ್ಬರ್ನಿಗೋ ಸಿಡ್ನಿಗೋ ಹೊರಟಿರುವ ನಮ್ಮ ಅಮ್ಮಂದಿರು ಇದನ್ನು ಗಮನಿಸಲೇಬೇಕು. ಚಟ್ನಿಪುಡಿ, ಬಾಣಂತಿ ಲೇಹ್ಯದ ಜೊತೆ ತೆಗೆದುಕೊಂಡು ಹೋಗುವ ಫೋನು ಅಲ್ಲಿನ ಸಿಮ್ ಹಾಕಿದಾಗ ಕೆಲಸ ಮಾಡುತ್ತಾ ಅಂತ ಮಗಳ ಹತ್ತಿರ ಮೊದಲೇ ವಿಚಾರಿಸಿಕೊಳ್ಳಿ.

ಅಮೆರಿಕದಲ್ಲೂ 2022ರಲ್ಲಿ ದೊಡ್ಡ ಕಂಪನಿಗಳು 3ಜಿ ಮುಚ್ಚಿದಾಗ ತೊಂದರೆಗೆ ಸಿಕ್ಕಿದ್ದು ಹಿರಿಯರ ಹಳೇ ಫೋನುಗಳು, ಮನೆಯ ಕಳ್ಳಗಂಟೆಗಳು, ಬಿದ್ದರೆ ಒತ್ತಲು ಅಂತ ವಯಸ್ಸಾದವರು ಕತ್ತಿಗೆ ಹಾಕಿಕೊಳ್ಳುವ ಗುಂಡಿಗಳು. ಎಲ್ಲ ಕಡೆಯೂ ಅದೇ ಕಥೆ ನೋಡಿ. ಮೆಟ್ಟಿಲು ಕಿತ್ತಾಗ ಮೊದಲು ಬೀಳುವವರು ಹಿರಿಯರು, ಕೈಲಾಗದವರು.

ನಮ್ಮಲ್ಲಿ ಏನು ಪರಿಸ್ಥಿತಿ?

ನಮ್ಮ ದೇಶದಲ್ಲಿ ಹೆಣ್ಣುಮಕ್ಕಳ ಸುರಕ್ಷತೆಗೆ ಅಂತಲೇ ಒಂದು ಒಳ್ಳೆಯ ನಿಯಮ ಬಂತು. 2016ರಲ್ಲಿ ದೂರಸಂಪರ್ಕ ಇಲಾಖೆ, 2017ರ ಜನವರಿ 1ರಿಂದ ಮಾರುವ ಎಲ್ಲ ಮೊಬೈಲಿನಲ್ಲೂ ಪ್ಯಾನಿಕ್ ಬಟನ್ ಇರಲೇಬೇಕು ಅಂತ ಆದೇಶಿಸಿತು. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯಬೇಕು. ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ನನ್ನು ಬೇಗ ಬೇಗ ಮೂರು ಸಲ ಒತ್ತಬೇಕು. ಅಗ್ಗದ ಫೋನು ಇಟ್ಟುಕೊಂಡವಳಿಗೂ ದುಬಾರಿ ಫೋನಿನವಳಷ್ಟೇ ರಕ್ಷಣೆ ಸಿಗಲಿ ಅನ್ನೋದು ಇದರ ಹಿಂದಿನ ಮಾತು. ಎಷ್ಟು ನ್ಯಾಯವಾದದ್ದು ಅಲ್ಲವೇ? 2018ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶದಿಂದ ಶುರುವಾದ 112 ಸೇವೆ ಈಗ ಕರ್ನಾಟಕವೂ ಸೇರಿ ದೇಶದ ಎಲ್ಲ ಕಡೆ ಇದೆ. ಪೊಲೀಸು, ಅಗ್ನಿಶಾಮಕ, ಆಂಬ್ಯುಲೆನ್ಸು ಎಲ್ಲಕ್ಕೂ ಒಂದೇ ಸಂಖ್ಯೆ. ಕರೆನ್ಸಿ ಮುಗಿದು ಹೊರಹೋಗುವ ಕರೆ ನಿಂತ ಸಿಮ್ಮಿನಿಂದಲೂ 112 ಸಿಗಬೇಕು ಅನ್ನೋದು ಮೊದಲಿನಿಂದ ಇದ್ದ ಆಶಯ.

ಆದರೆ ಗುಂಡಿ ಇದ್ದರೆ ಸಾಕೇ? ಗುಂಡಿ ಒತ್ತಿದ ಮೇಲೆ ಅದರ ಕೂಗು ಕೇಳುವ ಟವರ್ ಬೇಕಲ್ಲ!

ನಮ್ಮಲ್ಲಿ 2ಜಿ ಇನ್ನೂ ಜೀವಂತವಾಗಿದೆ, ನಿಜ. ಆದರೆ ಎಲ್ಲರ ಹತ್ತಿರವೂ ಇಲ್ಲ. 2016ರ ಸೆಪ್ಟೆಂಬರಿನಲ್ಲಿ ಶುರುವಾದ ಜಿಯೋ ಹುಟ್ಟಿದಾಗಿನಿಂದಲೂ 2ಜಿ, 3ಜಿ ಇಲ್ಲದ ಜಾಲ. ಸರ್ಕಾರ 2ಜಿ, 3ಜಿ ಎರಡನ್ನೂ ಪೂರ್ತಿ ಮುಚ್ಚುವ ನೀತಿ ತರಬೇಕು ಅಂತ 2024ರಲ್ಲಿ ಅದು ಟ್ರಾಯ್ ಮುಂದೆ ಹೇಳಿತು. ಅದರ ವಾದದಲ್ಲೂ ಹುರುಳಿಲ್ಲದೆ ಇಲ್ಲ. ಹಳೇ ಜಾಲ ನಡೆಸುವುದು ದುಬಾರಿ, ಜನ ಹೊಸದಕ್ಕೆ ಬರಲಿ ಅಂತ. ಅದಕ್ಕೇ 2023ರಲ್ಲಿ 999 ರೂಪಾಯಿಗೆ 4ಜಿ ಕೀಪ್ಯಾಡ್ ಫೋನನ್ನೂ ಬಿಟ್ಟಿತು. ಇತ್ತ 2025ರ ಸೆಪ್ಟೆಂಬರಿನಲ್ಲಿ ಬಿಎಸ್‌ಎನ್‌ಎಲ್ ಕೂಡ ದೇಶದ ಉದ್ದಗಲಕ್ಕೂ ಸ್ವದೇಶಿ 4ಜಿ ಉದ್ಘಾಟಿಸಿತು. ಹಳ್ಳಿಗಳಿಗೆ, ಕಾಡಂಚಿಗೆ ಟವರ್ ಬಂದಿದ್ದು ಸಂತೋಷವೇ.

ಈಗ ಈ ಎಳೆಗಳನ್ನೆಲ್ಲ ಸೇರಿಸಿ ನೋಡಿ. ಊರಲ್ಲಿರುವ ಅಮ್ಮನ ಕೈಯಲ್ಲಿ ಹತ್ತು ವರ್ಷದ ಹಿಂದಿನ 2ಜಿ ಫೋನು. ತೋಟದ ಮನೆ ಹತ್ತಿರ ಸಿಗುವುದು 4ಜಿ ಟವರೊಂದೇ. ಪಕ್ಕದ ಮನೆಯವರ ಫೋನಿನಲ್ಲಿ ಸಿನಿಮಾ ಓಡುತ್ತಿದ್ದರೂ ಅಮ್ಮನ ಫೋನಿನಿಂದ 112ಕ್ಕೆ ಕರೆ ಹೋಗದು. ಬೇರೆ ಕಂಪನಿಯ ಟವರು ಬಾಗಿಲು ತೆರೆಯಲು ಸಿದ್ಧವಿದ್ದರೂ ಅಮ್ಮನ ಫೋನಿಗೆ ಆ ಬಾಗಿಲೇ ಕಾಣಿಸುವುದಿಲ್ಲ.

ಹಳೇ ಜಾಲ ಮುಚ್ಚಲೇಬಾರದು ಅಂತ ನಾನು ಹೇಳುತ್ತಿಲ್ಲ. ಒಂದಲ್ಲ ಒಂದು ದಿನ ಮುಚ್ಚಲೇಬೇಕು. ಆದರೆ ಮುಚ್ಚುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಈ ಫೋನುಗಳನ್ನು ಹಿಡಿದಿರುವವರು ಸಹಾಯಕ್ಕೆ ಕೂಗುವುದು ಹೇಗೆ? ಆಸ್ಟ್ರೇಲಿಯಾ ತನ್ನ ನಿಯಮದಿಂದ ಜನರನ್ನು ಹೊಸ ಫೋನಿಗೆ ತಳ್ಳಿತು. ಹಾಗಿದ್ದೂ ಕೆಲವು ಫೋನುಗಳು ಅದರ ಕಣ್ಣು ತಪ್ಪಿಸಿದವು. ನಮ್ಮಷ್ಟು ದೊಡ್ಡ ದೇಶದಲ್ಲಿ ಎಷ್ಟು ತಪ್ಪಿಸಬಹುದು, ಊಹಿಸಿ. ಟವರ್ ಮುಚ್ಚುವ ದಿನಾಂಕ ಗೊತ್ತುಮಾಡುವ ಮೊದಲು ಅಗ್ಗದ ಫೋನುಗಳಿಂದ ತುರ್ತು ಕರೆ ಮಾಡಿ ಪರೀಕ್ಷಿಸಬೇಕು. ಬಡವರ ಫೋನು ಬದಲಿಸಲು ನೆರವು ಕೊಡಬೇಕು. ಇದು ಉಪಕಾರ ಅಲ್ಲ, ಹಕ್ಕು.

ಪುಟ್ಟ ಗಡಿಯಾರದ ದೊಡ್ಡ ಪ್ರಶ್ನೆ

‘ನಮ್ಮನೇಲಿ ಹಳೇದೇನೂ ಇಲ್ಲಪ್ಪ, ಎಲ್ಲಾ ಹೊಸಾದೇ’ ಅನ್ನುವ ಗೆಳತಿಯರಿಗೂ ಒಂದು ಮಾತು. ಹೊಸದರಲ್ಲೂ ‘ಕಡಿಮೆ ಸಾಮರ್ಥ್ಯದ’ ಸಾಧನಗಳಿವೆ. ಗಡಿಯಾರದಂಥ ಪುಟ್ಟ ವಸ್ತುವಿನಲ್ಲಿ ದೊಡ್ಡ ಆಂಟೆನಾ, ದೊಡ್ಡ ಬ್ಯಾಟರಿ ಇಡಲಾಗದು. ಅದಕ್ಕೇ 5ಜಿಯಲ್ಲಿ ‘ರೆಡ್‌ಕ್ಯಾಪ್’ ಅನ್ನುವ ಒಂದು ಸರಳ ಬಗೆಯನ್ನು ರೂಪಿಸಿದ್ದಾರೆ. 2025ರಲ್ಲಿ ಬಂದ ಆಪಲ್ ಗಡಿಯಾರಗಳಲ್ಲಿ ಇದೇ ಇದೆ.

ಇಲ್ಲೊಂದು ಸ್ವಾರಸ್ಯ ಇದೆ. ಇಂಥ ಸಾಧನಗಳನ್ನು ಒಳಗೆ ಬಿಟ್ಟುಕೊಳ್ಳಬೇಕೋ ಬೇಡವೋ ಅನ್ನೋದನ್ನು ಆಯಾ 5ಜಿ ಟವರೇ ಪ್ರಕಟಿಸುತ್ತದೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ‘ಡೆಲಿವರಿಯವರಿಗೆ ಪ್ರವೇಶವಿಲ್ಲ’ ಅಂತ ಬೋರ್ಡು ಹಾಕಿರುತ್ತಾರಲ್ಲ, ಹಾಗೆ! ‘ಇಲ್ಲ’ ಅಂತ ಬೋರ್ಡಿದ್ದರೆ ಗಡಿಯಾರ ಬೇರೆ ಟವರ್ ಹುಡುಕಿಕೊಂಡು ಹೋಗಬೇಕು. ಮಾಮೂಲಿ ದಿನ ಅದು ಸರಿ. ಆದರೆ ಗೇಟಿನ ಹೊರಗೆ ನಿಂತವರು ‘ಕಾಪಾಡಿ’ ಅಂತ ಕೂಗಿದಾಗಲೂ ವಾಚ್‌ಮನ್ ಬೋರ್ಡು ತೋರಿಸಿದರೆ? ಮನುಷ್ಯತ್ವ ಇರುವ ಯಾರೂ ಹಾಗೆ ಮಾಡಲ್ಲ. ತುರ್ತು ಕರೆಗೆ ಮಾತ್ರ ಬೋರ್ಡು ಅನ್ವಯಿಸಬಾರದು, ಅದೊಂದನ್ನು ಒಳಗೆ ಬಿಡಬೇಕು ಅನ್ನೋದು ಯಂತ್ರಕ್ಕೂ ಕಲಿಸಬೇಕಾದ ಪಾಠ. ಇದನ್ನು ಕಲಿಸುವ ಕೆಲಸ ತಂತ್ರಜ್ಞರದು. ಕಲಿಸಿದ್ದೀರಾ ಅಂತ ಕೇಳುವ ಕೆಲಸ ಕೊಳ್ಳುವ ನಮ್ಮದು.

ಮಗುವಿಗೆ ಗಡಿಯಾರ ಕೊಳ್ಳುವಾಗ ನಾವು ಕೇಳೋದು ಬಣ್ಣ ಯಾವುದಿದೆ, ಆಟ ಎಷ್ಟಿದೆ, ಡಿಸ್ಕೌಂಟ್ ಎಷ್ಟು ಅಂತ. ಇನ್ನು ಮುಂದೆ ಮೂರು ಪ್ರಶ್ನೆ ಜಾಸ್ತಿ ಕೇಳಿ. ಇದು 2ಜಿಯೋ 4ಜಿಯೋ? ನಾವು ಸೇರಿಸಿದ ನಂಬರುಗಳಿಗೆ ಮಾತ್ರ ಹೋಗುತ್ತಾ, 112ಕ್ಕೂ ಹೋಗುತ್ತಾ? ಫೋನು ಹತ್ತಿರ ಇಲ್ಲದೆಯೂ ತಾನೇ ಕರೆ ಮಾಡುತ್ತಾ? ಅಂಗಡಿಯವನು ತಲೆ ಕೆರೆದುಕೊಂಡರೆ ಬೇರೆ ಅಂಗಡಿ ನೋಡಿ.

ಇವತ್ತೇ ಮಾಡಿಬಿಡಿ

ಸರ್ಕಾರ, ಕಂಪನಿ ಮಾಡುವುದು ಮಾಡಲಿ. ಮಧ್ಯಾಹ್ನ ಕೆಲಸ ಮುಗಿಸಿ ಅರ್ಧ ಗಂಟೆ ಕೂತರೆ ನಾವೇ ಮಾಡಬಹುದಾದದ್ದು ಬಹಳ ಇದೆ.

* ಮನೆಯ ಫೋನುಗಳನ್ನೆಲ್ಲ ಊಟದ ಮೇಜಿನ ಮೇಲಿಡಿ. ಒಂದರಿಂದ ಇನ್ನೊಂದಕ್ಕೆ ಕರೆ ಮಾಡಿ, ಮಾತಾಡುತ್ತಿರುವಾಗಲೇ ಮೇಲ್ಗಡೆ ಮೂಲೆ ನೋಡಿ. 4ಜಿ ಅಥವಾ ವೋಲ್ಟಿ ಗುರುತು ಹಾಗೇ ಉಳಿದರೆ ಸರಿ. 2ಜಿ ಅಥವಾ ‘ಇ’ ಗುರುತಿಗೆ ಇಳಿದರೆ ಆ ಫೋನು 4ಜಿಯಲ್ಲಿ ಮಾತಾಡುತ್ತಿಲ್ಲ. ಮೊದಲು ಸೆಟ್ಟಿಂಗ್ಸಿನಲ್ಲಿ ವೋಲ್ಟಿ ಆನ್ ಆಗಿದೆಯಾ ನೋಡಿ. ಆ ಸೌಲಭ್ಯವೇ ಇಲ್ಲದಿದ್ದರೆ ಬದಲಿಸುವ ಫೋನುಗಳ ಪಟ್ಟಿಯಲ್ಲಿ ಅದೇ ಮೊದಲಿರಲಿ.

* ಪರೀಕ್ಷೆ ಮಾಡೋಕೆ ಅಂತ 112ಕ್ಕೆ ಸುಮ್ಮನೆ ಕರೆ ಮಾಡಬೇಡಿ. ಆ ಹೊತ್ತಿನಲ್ಲಿ ನಿಜವಾಗಿ ಕಷ್ಟದಲ್ಲಿರುವವರ ಕರೆ ಕಾಯಬೇಕಾಗುತ್ತೆ. ಕೈತಪ್ಪಿ ಕರೆ ಹೋದರೆ ಹೆದರಿ ಕತ್ತರಿಸಬೇಡಿ. ‘ತಪ್ಪಿ ಬಂತು, ಏನೂ ತೊಂದರೆ ಇಲ್ಲ’ ಅಂತ ಹೇಳಿಯೇ ಇಡಿ.

* ಸಾಫ್ಟ್‌ವೇರ್ ಅಪ್‌ಡೇಟ್ ಅಂತ ಬಂದಾಗ ‘ಆಮೇಲೆ’ ಅಂತ ಒತ್ತುತ್ತಾ ಹೋಗಬೇಡಿ. ಸಿಡ್ನಿಯ ಕಥೆ ನೆನಪಿರಲಿ.

* ಮನೆಯವರೆಲ್ಲ ಒಂದೇ ಕಂಪನಿಯ ಫ್ಯಾಮಿಲಿ ಪ್ಯಾಕ್ ಹಾಕಿಸಿಕೊಂಡಿದ್ದೀರಾ? ದುಡ್ಡು ಉಳಿಯುತ್ತೆ, ನಿಜ. ಆದರೆ ಆ ಕಂಪನಿ ಮಲಗಿದ ದಿನ ಮನೆಯೇ ಮಲಗುತ್ತೆ. ಒಂದಾದರೂ ಬೇರೆ ಕಂಪನಿಯ ಸಿಮ್ ಇರಲಿ. ಆಪ್ಟಸ್ ದಿನದ ಹಾಗೆ ಒಂದರಿಂದ ಕರೆ ಹೋಗದಿದ್ದರೆ ಕೈಯಾರೆ ಇನ್ನೊಂದು ಫೋನು ಎತ್ತಿಕೊಳ್ಳಬಹುದು.

* ‘ನೆಟ್‌ವರ್ಕ್ ಇಲ್ಲದಿದ್ದರೂ 112 ಹೋಗುತ್ತೆ’ ಅನ್ನೋದು ಅರ್ಧ ಸತ್ಯ. ನಿಮ್ಮ ಕಂಪನಿಯದು ಇಲ್ಲದಿದ್ದರೂ ಯಾವುದಾದರೂ ಒಂದು ಟವರ್ ಬೇಕೇ ಬೇಕು. ಲಿಫ್ಟು, ಬೇಸ್‌ಮೆಂಟುಗಳಲ್ಲಿ ಯಾವುದೂ ಇರದಿರಬಹುದು. ಲಿಫ್ಟಿನ ಅಲಾರಂ ಕೆಲಸ ಮಾಡುತ್ತಾ ಅಂತ ಅಸೋಸಿಯೇಷನ್ ಸಭೆಯಲ್ಲಿ ಕೇಳಿ.

* ಸಿಮ್ ತೆಗೆದಿಟ್ಟ ಹಳೇ ಫೋನನ್ನು ‘ತುರ್ತಿಗೆ ಇರಲಿ’ ಅಂತ ನಂಬಬೇಡಿ. ಹುಸಿ ಕರೆಗಳ ಕಾಟಕ್ಕೆ ಜರ್ಮನಿ 2009ರಿಂದಲೇ ಸಿಮ್ ಇಲ್ಲದ ಫೋನಿನ ತುರ್ತು ಕರೆ ನಿಲ್ಲಿಸಿದೆ, ಬ್ರಿಟನ್ನಿನಲ್ಲೂ ಹೋಗಲ್ಲ. ಅತ್ತೆಯವರ ಸಿಮ್ ಜೀವಂತವಾಗಿರಲಿ. ಇಂಟರ್‌ನೆಟ್ ಬೇಡದವರಿಗೆ ಮಾತು ಮತ್ತು ಎಸ್ಸೆಮ್ಮೆಸ್ಸಿಗೆ ಮಾತ್ರ ಪ್ಯಾಕ್ ಕೊಡಲೇಬೇಕು ಅಂತ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಅಂಗಡಿಯಲ್ಲಿ ಕೇಳಿ ಅದನ್ನೇ ಹಾಕಿಸಿ.

* ವಾಟ್ಸ್ಆಪ್‌ನಿಂದ 112ಕ್ಕೆ ಕರೆ ಹೋಗುವುದಿಲ್ಲ. ‘ಗ್ರೂಪಿಗೆ ಹಾಕಿದ್ದೀನಿ, ಯಾರಾದ್ರೂ ನೋಡ್ತಾರೆ’ ಅಂತ ಕೂರಬೇಡಿ.

* ಲಾಕ್ ಆಗಿರುವ ಫೋನಿನಿಂದಲೂ ‘ಎಮರ್ಜೆನ್ಸಿ’ ಅನ್ನೋದನ್ನು ಒತ್ತಿ ಕರೆ ಮಾಡಬಹುದು. ಮಕ್ಕಳಿಗೆ, ಮನೆಕೆಲಸದವರಿಗೆ ಇದನ್ನು ತೋರಿಸಿಕೊಡಿ. ನೀವು ಪ್ರಜ್ಞೆ ತಪ್ಪಿ ಬಿದ್ದಾಗ ನಿಮ್ಮ ಪಾಸ್‌ವರ್ಡ್ ಯಾರಿಗೆ ಗೊತ್ತಿರುತ್ತೆ?

* ಕೀಪ್ಯಾಡ್ ಫೋನಿನಲ್ಲಿ ಯಾವ ಗುಂಡಿ ಒತ್ತಿ ಹಿಡಿಯಬೇಕು ಅಂತ ಹಿರಿಯರಿಗೆ ಹೇಳಿಕೊಡಿ. ನೆನಪಿಗೆ ಆ ಗುಂಡಿಯ ಪಕ್ಕ ಒಂದು ಕೆಂಪು ಸ್ಟಿಕ್ಕರ್ ಅಂಟಿಸಿ, ಹಣೆಯ ಬೊಟ್ಟಾದರೂ ಸರಿ!

* ಮನೆ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಅಗ್ಗದ ಫೋನಿನಿಂದ ಕರೆ ಹೋದಾಗ ಆ ಕಡೆಯವರಿಗೆ ನಿಖರ ಜಾಗ ಗೊತ್ತಾಗದಿರಬಹುದು. ಗಾಬರಿಯಲ್ಲಿ ಕ್ರಾಸ್ ಎಷ್ಟು, ಮೇನ್ ಎಷ್ಟು ಅನ್ನೋದು ಎಂಥವರಿಗೂ ಮರೆಯುತ್ತೆ. ಹತ್ತಿರದ ದೇವಸ್ಥಾನವನ್ನೋ ಶಾಲೆಯನ್ನೋ ಗುರುತಾಗಿ ಸೇರಿಸಿ.

ಕೊನೆಗೊಂದು ಮಾತು. ಬರುವ ಹಬ್ಬಕ್ಕೆ ಮನೆಗೆ ಹೊಸ ಫೋನು ತರುವ ಮಾತು ಬಂದರೆ ಈ ಸಲ ಸರದಿ ತಿರುಗಿಸಿ. ಕ್ಯಾಮೆರಾ ಚೆನ್ನಾಗಿಲ್ಲ ಅನ್ನುವ ಮಗ ಇನ್ನೊಂದು ವರ್ಷ ಕಾಯಬಹುದು. ಅತ್ತೆಗೆ ಬೇಕಿರುವುದು ದುಬಾರಿ ಫೋನಲ್ಲ, ಸಾವಿರ–ಎರಡು ಸಾವಿರದೊಳಗಿನ 4ಜಿ ಕೀಪ್ಯಾಡ್ ಫೋನು. ಅದೇ ಅಂಗಡಿಯಲ್ಲಿ ಇನ್ನೊಂದು ಕೊಂಡು ಮನೆಕೆಲಸದ ಹೆಣ್ಣುಮಗಳಿಗೂ ಕೊಟ್ಟರೆ ಒಂದು ಸೀರೆಯ ದುಡ್ಡೂ ಆಗದು. ಕೊಡುವಾಗ ‘ಕಷ್ಟ ಬಂದ್ರೆ ಇದನ್ನು ಒತ್ತಿ ಹಿಡಿ’ ಅಂತ ಆ ಗುಂಡಿ ತೋರಿಸಿಕೊಡಲು ಮರೆಯಬೇಡಿ.